ಲಿಂಕ್ ಒತ್ತಿದವರು ಎಲ್ಲಿಗೆ ಹೋದರು? ವೆಬ್‌ಸೈಟ್ ಪ್ರಚಾರಕ್ಕೆ ಇಳಿಯುವ ಹೊಸಬರಿಗೆ ಸಮಗ್ರ ಮಾರ್ಗದರ್ಶಿ

ದಾವಣಗೆರೆಯ ನಮ್ಮ ಚಿಕ್ಕಮ್ಮ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಅಗಸೆ ಪುಡಿ, ಖಡಕ್ ರೊಟ್ಟಿ ಮಾಡಿ ಮಾರುತ್ತಾರೆ. ಅವರಿಗೊಂದು ವೆಬ್‌ಸೈಟ್ ಮಾಡಿಕೊಟ್ಟವನು ನಾನು. ಮೊದಲ ತಿಂಗಳು ಫೇಸ್‌ಬುಕ್ಕಿನಲ್ಲಿ, ಇನ್‌ಸ್ಟಾಗ್ರಾಂನಲ್ಲಿ ದಿನಕ್ಕೆರಡು ಪೋಸ್ಟ್ ಹಾಕಿದೆ. ಒಂದಕ್ಕೆ ದುಡ್ಡು ಕೊಟ್ಟು ಊರೆಲ್ಲ ತೋರಿಸಿದೆ. ಲೈಕುಗಳು ಬಂದವು, ‘ಬಾಯಲ್ಲಿ ನೀರೂರಿತು’ ಎಂಬ ಕಾಮೆಂಟುಗಳು ಬಂದವು. ಸೈಟಿನಲ್ಲಿ ಬಂದ ಆರ್ಡರ್ ಎರಡು, ಎರಡೂ ನೆಂಟರವು. “ಇಷ್ಟು ಜನ ಚೆನ್ನಾಗಿದೆ ಅನ್ನುತ್ತಾರೆ, ಕೊಳ್ಳುವವರು ಯಾಕಪ್ಪ ಇಲ್ಲ?” ಎಂದು ಚಿಕ್ಕಮ್ಮ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದ್ದು ಬೆಂಗಳೂರಿನಿಂದ ಅತ್ತಿಗೆ ಬಂದಾಗ. “ಅತ್ತಿಗೆ, ನಿಮ್ಮ ಮೊಬೈಲಿನಲ್ಲಿ ಅರ್ಧ ಕೆಜಿ ಶೇಂಗಾ ಪುಡಿ ಆರ್ಡರ್ ಮಾಡಿ, ನಾನು ಏನೂ ಹೇಳುವುದಿಲ್ಲ, ಸುಮ್ಮನೆ ನೋಡುತ್ತೇನೆ” ಎಂದೆ. ಅವರು ಇನ್‌ಸ್ಟಾಗ್ರಾಂ ಪೋಸ್ಟ್ ತೆರೆದು, ಅದರ ಕೆಳಗೆ ನಾನು ಬರೆದಿದ್ದ ವಿಳಾಸವನ್ನು ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು. ಕೊನೆಗೆ ವಿಳಾಸವನ್ನು ತಾವೇ ಟೈಪ್ ಮಾಡಿದರು. ಪುಟದ ಅರ್ಧ ಭಾಗ ಬಹಳ ಹೊತ್ತು ಬಿಳಿಯಾಗಿಯೇ ಇತ್ತು. ಚಿತ್ರ ಬಂದಾಗ ಅದರ ಮೇಲೆ ‘ರೊಟ್ಟಿ’ ಎಂಬುದು ‘ರೊಟ್‌ಟಿ’ ಎಂದು ಒಡೆದಿತ್ತು. ಬೆಲೆ ಕಂಡಿತು, ಬುಟ್ಟಿಗೆ ಹಾಕಿದರು, ಹೆಸರು, ವಿಳಾಸ, ಪಿನ್‌ಕೋಡ್ ಎಲ್ಲವನ್ನೂ ತುಂಬಿದರು. ಅದಾದ ಮೇಲೆ ಕೊರಿಯರ್ ವೆಚ್ಚ ಕಾಣಿಸಿಕೊಂಡಿತು. ಅತ್ತಿಗೆ ಮೊಬೈಲನ್ನು ಕೆಳಗಿಟ್ಟು, “ಹೋಗುವಾಗ ಇಲ್ಲಿಂದಲೇ ಡಬ್ಬಿಯಲ್ಲಿ ತೆಗೆದುಕೊಂಡು ಹೋಗುತ್ತೇನೆ ಬಿಡು” ಎಂದರು.

ಆ ಕೆಲವು ನಿಮಿಷಗಳಲ್ಲಿ ಕಲಿತದ್ದು ಇಷ್ಟು: ಹೊಸಬರು ಪೋಸ್ಟಿನ ಬಗ್ಗೆಯೇ ಯೋಚಿಸುತ್ತಾರೆ, ಪೋಸ್ಟ್ ನೋಡಿದ ಮನುಷ್ಯ ಮುಂದೆ ನಡೆಯಬೇಕಾದ ದಾರಿಯನ್ನು ಯೋಚಿಸುವುದಿಲ್ಲ. ಆ ದಾರಿಯಲ್ಲಿ ಎಲ್ಲೆಲ್ಲಿ ಎಡವುತ್ತೇವೆ, ಅದನ್ನು ಯಾವ ಕ್ರಮದಲ್ಲಿ ಸರಿಪಡಿಸಿಕೊಳ್ಳಬೇಕು ಎಂಬುದನ್ನು ಕೆಳಗೆ ಬರೆದಿದ್ದೇನೆ. ಕ್ರಮ ಮುಖ್ಯ. ಏಳನೆಯ ಹೆಜ್ಜೆಯ ಜಾಹೀರಾತನ್ನು ಮೊದಲೇ ಮಾಡಿದ್ದಕ್ಕೆ ನಮ್ಮ ಹಣ ಹೋಯಿತು.

ಮೊದಲ ಹೆಜ್ಜೆ: ಪೋಸ್ಟ್ ಹಾಕುವ ಮುನ್ನ ಸೈಟನ್ನು ಬೇರೆಯವರ ಮೊಬೈಲಿನಲ್ಲಿ ತೆರೆಸಿ

ಸೈಟು ಮಾಡಿದ ಕಂಪ್ಯೂಟರಿನಲ್ಲಿ, ಮನೆಯ ವೈಫೈನಲ್ಲಿ ಎಲ್ಲ ಸೈಟುಗಳೂ ಚೆನ್ನಾಗಿಯೇ ಕಾಣುತ್ತವೆ. ಒಮ್ಮೆ ತೆರೆದ ಪುಟದ ಚಿತ್ರಗಳು ನಿಮ್ಮ ಯಂತ್ರದಲ್ಲಿ ಉಳಿದಿರುತ್ತವೆ, ಆದ್ದರಿಂದ ಎರಡನೆಯ ಸಲ ಬೇಗ ತೆರೆಯುತ್ತದೆ. ಹೊಸ ಗಿರಾಕಿಗೆ ಆ ಅನುಕೂಲವಿಲ್ಲ. ಹಾಗಾಗಿ ನಿಮ್ಮ ಸೈಟನ್ನು ಎಂದೂ ನೋಡದವರ, ಸಾಧಾರಣ ಬೆಲೆಯ ಮೊಬೈಲಿನಲ್ಲಿ, ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ತೆರೆಸಿ ನೋಡಿ. ವಿಳಾಸವನ್ನು ನೇರವಾಗಿ ಬ್ರೌಸರಿನಲ್ಲಿ ಹಾಕಬೇಡಿ, ಇನ್‌ಸ್ಟಾಗ್ರಾಂ ಅಥವಾ ಫೇಸ್‌ಬುಕ್ ಒಳಗಿನ ಲಿಂಕಿನಿಂದಲೇ ಹೋಗಿ. ಈ ಆ್ಯಪ್‌ಗಳು ಲಿಂಕನ್ನು ಸಾಮಾನ್ಯವಾಗಿ ತಮ್ಮದೇ ಒಳ ಬ್ರೌಸರಿನಲ್ಲಿ ತೆರೆಯುತ್ತವೆ. ಕ್ರೋಮ್‌ನಲ್ಲಿ ಉಳಿಸಿಟ್ಟ ಲಾಗಿನ್ ಅಲ್ಲಿ ಇರುವುದಿಲ್ಲ, ಕೆಲವು ಸಲ ಯುಪಿಐ ಆ್ಯಪ್‌ಗೆ ಹೋಗಿ ವಾಪಸು ಬರುವಾಗ ಪುಟ ಕಳೆದುಹೋಗುತ್ತದೆ. ಹಣ ಕಟ್ಟುವ ಪುಟದವರೆಗೂ ಒಮ್ಮೆ ನಡೆದು ನೋಡದೆ ಒಂದು ರೂಪಾಯಿಯನ್ನೂ ಪ್ರಚಾರಕ್ಕೆ ಹಾಕಬೇಡಿ.

ಪುಟ ನಿಧಾನವಾಗಿ ತೆರೆಯಲು ಸಾಮಾನ್ಯವಾಗಿ ಕಾರಣ ಚಿತ್ರಗಳು. ಮೊಬೈಲಿನಲ್ಲಿ ತೆಗೆದ ಫೋಟೊ ನಾಲ್ಕೈದು ಎಂಬಿ ಇರುತ್ತದೆ, ಅದನ್ನು ಹಾಗೆಯೇ ಸೈಟಿಗೆ ಏರಿಸುತ್ತೇವೆ. ಅಗಲವನ್ನು 1,200 ಪಿಕ್ಸೆಲ್ ಆಸುಪಾಸಿಗೆ ಇಳಿಸಿ, ವೆಬ್‌ಪಿ ಮಾದರಿಯಲ್ಲಿ ಉಳಿಸಿದರೆ ಹೆಚ್ಚಿನ ಚಿತ್ರಗಳು 200 ಕೆಬಿ ಒಳಗೆ ಬರುತ್ತವೆ, ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ಉಚಿತ ಪುಟದಲ್ಲಿ ವಿಳಾಸ ಹಾಕಿದರೆ ಯಾವ ಚಿತ್ರ ಭಾರವಾಗಿದೆ ಎಂದು ಹೆಸರು ಹಿಡಿದು ಹೇಳುತ್ತದೆ. ಅದರಲ್ಲಿ ಮೊಬೈಲ್ ಅಂಕಣವನ್ನು ನೋಡಿ, ಡೆಸ್ಕ್‌ಟಾಪ್ ಅಂಕಣ ನಮ್ಮಂಥವರಿಗೆ ಅಷ್ಟು ಮುಖ್ಯವಲ್ಲ.

ಕನ್ನಡದಲ್ಲಿ ಸೈಟು ನಡೆಸುವವರಿಗೆ ಇನ್ನೊಂದು ತೊಡಕಿದೆ. ಮುದ್ರಣದ ಅಂಗಡಿಯಿಂದ ಬರುವ ಪಠ್ಯ ಹೆಚ್ಚಾಗಿ ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿರುತ್ತದೆ. ಅದನ್ನು ಹಾಗೆಯೇ ಸೈಟಿಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು ಕಾಣುತ್ತದೆ. ಎಲ್ಲ ಮೊಬೈಲುಗಳೂ ಓದಬಲ್ಲ ಯುನಿಕೋಡ್ ಅಕ್ಷರಗಳಿಗೆ ಪರಿವರ್ತಿಸಿಯೇ ಹಾಕಿ. ಪೋಸ್ಟರ್ ಮಾಡುವ ಕೆಲವು ತಂತ್ರಾಂಶಗಳಲ್ಲಿ ಒತ್ತಕ್ಷರ ಒಡೆಯುತ್ತದೆ, ನಮ್ಮ ರೊಟ್ಟಿಗೆ ಆದದ್ದು ಅದೇ. ಅಂಥ ಕಡೆ ಬೇರೆ ಕನ್ನಡ ಫಾಂಟ್ ಆರಿಸಿ, ಹೊರತೆಗೆದ ಚಿತ್ರವನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ಓದಿದ ಮೇಲೆಯೇ ಹಾಕಿ. ಮಾಹಿತಿಯನ್ನೆಲ್ಲ ಚಿತ್ರದೊಳಗೆ ಬರೆದು ಪುಟದಲ್ಲಿ ಅಕ್ಷರವೇ ಇಲ್ಲದಂತೆ ಮಾಡುವುದೂ ತಪ್ಪು: ಗೂಗಲ್ ಹುಡುಕಾಟಕ್ಕೆ ಸಿಗುವುದು ಮುಖ್ಯವಾಗಿ ಪುಟದಲ್ಲಿರುವ ಅಕ್ಷರ.

ಕೊರಿಯರ್ ವೆಚ್ಚವನ್ನು ಬೆಲೆಯ ಪಕ್ಕದಲ್ಲೇ ಬರೆಯಿರಿ. ಫೋನ್ ಸಂಖ್ಯೆ ಒತ್ತಿದರೆ ಕರೆ ಹೋಗುವಂತಿರಲಿ. ತಿನ್ನುವ ವಸ್ತುವಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಸಂಖ್ಯೆ, ತಯಾರಿಸಿದ ಊರು, ಎಷ್ಟು ದಿನ ಇಡಬಹುದು ಎಂಬುದು ಕಣ್ಣಿಗೆ ಬೀಳಬೇಕು.

ಎರಡನೆಯ ಹೆಜ್ಜೆ: ಲಿಂಕಿನ ಮುಖ ತೊಳೆಯಿರಿ

ವಾಟ್ಸಾಪ್‌ನಲ್ಲಿ ಯಾರಾದರೂ ನಿಮ್ಮ ವಿಳಾಸವನ್ನು ಕಳುಹಿಸಿದರೆ ಅದರ ಜೊತೆಗೊಂದು ಪುಟ್ಟ ಚೌಕ ಮೂಡುತ್ತದೆ: ಒಂದು ಚಿತ್ರ, ಒಂದು ಶೀರ್ಷಿಕೆ, ಒಂದು ಸಾಲು ವಿವರ. ಹೊಸಬರ ಸೈಟುಗಳಲ್ಲಿ ಅಲ್ಲಿ ಖಾಲಿ ಬೂದು ಬಣ್ಣ ಇರುತ್ತದೆ, ಇಲ್ಲವೆ ಸೈಟು ಮಾಡಿಕೊಟ್ಟ ಥೀಮ್‌ನ ಹೆಸರು ಇರುತ್ತದೆ. ಮೋಸದ ಲಿಂಕುಗಳ ಬಗ್ಗೆ ದಿನವೂ ಓದುವ ಜನ ಅಂಥದ್ದನ್ನು ಒತ್ತುವುದಿಲ್ಲ.

ಇದನ್ನು ನಿಯಂತ್ರಿಸುವುದು ಓಪನ್ ಗ್ರಾಫ್ ಟ್ಯಾಗ್‌ಗಳು, ಅಂದರೆ ಪುಟದ ಕೋಡ್‌ನಲ್ಲಿ ಕಾಣದಂತೆ ಬರೆದಿಡುವ ಗುರುತುಗಳು. ಸೈಟು ಕಟ್ಟಲು ವರ್ಡ್‌ಪ್ರೆಸ್ ತಂತ್ರಾಂಶ ಬಳಸುವವರು ಯಾವುದಾದರೂ ಎಸ್‌ಇಒ ಪ್ಲಗಿನ್‌ನಲ್ಲಿ (ಹುಡುಕಾಟದಲ್ಲಿ ಪುಟ ಸಿಗಲು ನೆರವಾಗುವ ಜೋಡಣೆ) ‘ಸೋಷಿಯಲ್’ ಎಂಬ ಭಾಗ ತೆರೆದು ಶೀರ್ಷಿಕೆ, ವಿವರ, ಚಿತ್ರ ಮೂರನ್ನೂ ತುಂಬಬಹುದು. ಚಿತ್ರ 1,200 ಅಗಲ, 630 ಎತ್ತರ ಇರಲಿ. ಕೆಲವು ಕಡೆ ಅದು ಚೌಕಾಕಾರವಾಗಿ ಕತ್ತರಿಸಲ್ಪಡುವುದರಿಂದ ಮುಖ್ಯ ವಸ್ತುವನ್ನು ನಡುವೆ ಇಡಿ, ಅಂಚಿನಲ್ಲಿ ಅಕ್ಷರ ಬೇಡ. ಬದಲಾಯಿಸಿದ ಮೇಲೂ ಹಳೆಯ ಚಿತ್ರವೇ ಬರುತ್ತಿದ್ದರೆ ಗಾಬರಿಯಾಗಬೇಡಿ. ಫೇಸ್‌ಬುಕ್ ಹಳೆಯದನ್ನು ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಒಡೆಯ ಕಂಪನಿ ಮೆಟಾದ ಶೇರಿಂಗ್ ಡೀಬಗ್ಗರ್ ಪುಟದಲ್ಲಿ ವಿಳಾಸ ಹಾಕಿ, ಮತ್ತೆ ಓದಿಸುವ ಗುಂಡಿ ಒತ್ತಿದರೆ ಹೊಸದು ಬರುತ್ತದೆ.

ಮೂರನೆಯ ಹೆಜ್ಜೆ: ಕೊಳ್ಳುವವರು ಎಲ್ಲಿದ್ದಾರೆ ಎಂದು ಗುರುತಿಸಿ

ಒಂದೇ ದಿನ ಐದು ಜಾಲತಾಣಗಳಲ್ಲಿ ಖಾತೆ ತೆರೆದು, ಮೂರು ವಾರದಲ್ಲಿ ಐದನ್ನೂ ಬಿಟ್ಟುಬಿಡುವುದು ಹೊಸಬರ ಸಾಮಾನ್ಯ ತಪ್ಪು. ಅದಕ್ಕಿಂತ ದೊಡ್ಡದು, ಯಾರಿಗೆ ಮಾರುತ್ತೇವೆ ಎಂದು ಕೇಳಿಕೊಳ್ಳದಿರುವುದು. ದಾವಣಗೆರೆಯಲ್ಲಿ ಶೇಂಗಾ ಪುಡಿ ಮಾಡದ ಮನೆ ಅಪರೂಪ. ಹಾಗಿದ್ದೂ ನಾನು ಮೊದಲ ಜಾಹೀರಾತನ್ನು ದಾವಣಗೆರೆಯವರಿಗೇ ತೋರಿಸಿದ್ದೆ! ನಮ್ಮ ನಿಜವಾದ ಗಿರಾಕಿಗಳು ಓದಿಗೆ, ಕೆಲಸಕ್ಕೆ ಈ ಊರು ಬಿಟ್ಟು ಬೆಂಗಳೂರು, ಪುಣೆ ಸೇರಿದವರು. ಹಾಸ್ಟೆಲಿನ ಊಟಕ್ಕೆ ಪುಡಿ ಬೇಕಾದವರು. ಮಗನಿಗೆ ಕಳುಹಿಸಲು ಬಿಡುವಿಲ್ಲದ ತಾಯಂದಿರು.

ಚಿತ್ರದುರ್ಗದಲ್ಲಿ ಹೋಮ್‌ಸ್ಟೇ ನಡೆಸುವವರ ಲೆಕ್ಕವೂ ಹಾಗೆಯೇ. ಕೋಟೆಯನ್ನು ಹುಟ್ಟಿನಿಂದ ನೋಡಿದ ದುರ್ಗದವರಿಗೆ ಹೋಮ್‌ಸ್ಟೇ ಬೇಡ. ಅದನ್ನು ನಡೆಸುವವರಿಗೆ ಬೆಂಗಳೂರಿನಿಂದ ಸುಮಾರು 200 ಕಿಲೋಮೀಟರ್ ಗಾಡಿ ಓಡಿಸಿಕೊಂಡು ಶನಿವಾರ ಬರುವ ಕುಟುಂಬ ಬೇಕು. ಆ ಕುಟುಂಬ ಬುಧವಾರ, ಗುರುವಾರ ಯೋಚನೆ ಮಾಡುತ್ತದೆ, ಶನಿವಾರ ಬೆಳಿಗ್ಗೆ ಹಾಕಿದ ಪೋಸ್ಟ್ ತಡವಾಯಿತು. ದಾವಣಗೆರೆಯ ಹಲ್ಲಿನ ಆಸ್ಪತ್ರೆಗೋ ಹೊಲಿಗೆ ತರಗತಿಗೋ ಇದರ ತದ್ವಿರುದ್ಧ: ಹತ್ತು ಕಿಲೋಮೀಟರ್ ಆಚೆಯ ಲೈಕಿನಿಂದ ಪ್ರಯೋಜನ ಕಡಿಮೆ, ಗೂಗಲ್ ನಕ್ಷೆ, ಹುಡುಕಾಟದಲ್ಲಿ ಅಂಗಡಿಯನ್ನು ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ಸರಿಯಾದ ವಿಳಾಸ ಮತ್ತು ವೇಳೆ ಇರುವುದು ಯಾವ ರೀಲ್ಸ್‌ಗಿಂತಲೂ ಹೆಚ್ಚು.

ಮೊಳಕಾಲ್ಮೂರಿನ ರೇಷ್ಮೆ ಸೀರೆ ಕಣ್ಣಿನಿಂದ ಕೊಳ್ಳುವ ವಸ್ತು, ಅದಕ್ಕೆ ಇನ್‌ಸ್ಟಾಗ್ರಾಂ ಒಗ್ಗುತ್ತದೆ. ಚನ್ನಗಿರಿಯ ಅಡಿಕೆ ಬೆಳೆಗಾರರಿಗೆ ಯಂತ್ರ ಮಾರುವವರು ಯೂಟ್ಯೂಬಿನಲ್ಲಿ ಯಂತ್ರ ಓಡುವುದನ್ನು ಪೂರ್ತಿ ತೋರಿಸಬೇಕು. ಹರಿಹರದ ಕಡೆ ಯಂತ್ರದ ಬಿಡಿಭಾಗ ಮಾಡಿ ಕಾರ್ಖಾನೆಗಳಿಗೆ ಕೊಡುವವರಿಗೆ ಉದ್ಯೋಗ, ಉದ್ಯಮದವರ ಜಾಲತಾಣವಾದ ಲಿಂಕ್ಡ್‌ಇನ್ ಉಪಯೋಗಕ್ಕೆ ಬಂದೀತು. ಒಂದು ಮುಖ್ಯ ಜಾಲತಾಣ, ಅದರ ಜೊತೆಗೆ ವಾಟ್ಸಾಪ್: ಮೊದಲ ಆರು ತಿಂಗಳಿಗೆ ಇಷ್ಟೇ ಸಾಕು ಎಂಬುದು ನನ್ನ ಅನುಭವ.

ಒಂದು ಮಾತನ್ನು ಮರೆಯಬೇಡಿ. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗ ಅದೊಂದನ್ನೇ ನಂಬಿದ್ದವರ ನೋಡುಗರೆಲ್ಲ ಒಂದೇ ರಾತ್ರಿಯಲ್ಲಿ ಕೈತಪ್ಪಿದರು. ಜಾಲತಾಣದ ಫಾಲೋವರ್‌ಗಳು ಆ ಕಂಪನಿಯ ಆಸ್ತಿ. ಗಿರಾಕಿಯೇ ಒಪ್ಪಿ ಕೊಟ್ಟ ಫೋನ್ ಸಂಖ್ಯೆ, ಇಮೇಲ್ ನಿಮ್ಮಲ್ಲಿ ಉಳಿಯುತ್ತದೆ. ವೆಬ್‌ಸೈಟ್ ಬೇಕಾಗಿರುವುದೇ ಅದಕ್ಕೆ.

ನಾಲ್ಕನೆಯ ಹೆಜ್ಜೆ: ಕೊಳ್ಳುವವರ ಮಾತಿನಲ್ಲಿ ಬರೆಯಿರಿ

ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಇಂಗ್ಲಿಷಿನ ಯಾವ ಪಾಠವೂ ಇದನ್ನು ಹೇಳಿಕೊಡುವುದಿಲ್ಲ.

ನಾವು ಮಂಡಕ್ಕಿ ಎನ್ನುವುದನ್ನು ಬೆಂಗಳೂರು, ಮೈಸೂರಿನ ಕಡೆಯವರು ಕಡಲೆಪುರಿ ಎನ್ನುತ್ತಾರೆ, ಹುಬ್ಬಳ್ಳಿ, ಬೆಳಗಾವಿಯವರು ಚುರುಮುರಿ ಎನ್ನುತ್ತಾರೆ. ನಮ್ಮ ಶೇಂಗಾ ಬೆಂಗಳೂರು, ಮೈಸೂರಿನವರ ಕಡಲೆಕಾಯಿ. ನಮ್ಮ ಗುರೆಳ್ಳು ಅವರ ಹುಚ್ಚೆಳ್ಳು. ನಮ್ಮ ಮೊದಲ ಪುಟದಲ್ಲಿ ‘ಗುರೆಳ್ಳು ಪುಡಿ’ ಎಂದಷ್ಟೇ ಇತ್ತು. ಹುಚ್ಚೆಳ್ಳು ಎಂದು ಹುಡುಕುವ ಬೆಂಗಳೂರಿನವರಿಗೆ ನಾವು ಸಿಗುವ ಸಾಧ್ಯತೆಯೇ ಇರಲಿಲ್ಲ. ಈಗ ಶೀರ್ಷಿಕೆಯಲ್ಲಿ ಗುರೆಳ್ಳು, ಮೊದಲ ಸಾಲಿನಲ್ಲಿಯೇ ‘ಹಳೇ ಮೈಸೂರಿನವರು ಹುಚ್ಚೆಳ್ಳು ಎನ್ನುವ ಕಾಳು’ ಎಂದು ಬರೆದಿದ್ದೇವೆ. ಪೋಸ್ಟಿನ ಹ್ಯಾಷ್‌ಟ್ಯಾಗ್‌ಗಳಲ್ಲಿಯೂ ಎರಡೂ ಹೆಸರು ಹಾಕುತ್ತೇವೆ. ಹ್ಯಾಷ್‌ಟ್ಯಾಗ್ ಎಂದರೆ ‘ಲವ್’, ‘ವೈರಲ್’ ಎಂದು ಇಪ್ಪತ್ತು ಸುರಿಯುವುದಲ್ಲ. ವಸ್ತು, ಊರು, ಸಂದರ್ಭ ಹೇಳುವ ಮೂರು ನಾಲ್ಕು ಸಾಕು. ನಿಮ್ಮ ವಸ್ತುವಿಗೆ ನಾಲ್ಕು ಜಿಲ್ಲೆಗಳಲ್ಲಿ ಏನೆನ್ನುತ್ತಾರೆ ಎಂದು ನೆಂಟರಿಷ್ಟರಿಗೆ ಫೋನ್ ಮಾಡಿ ಕೇಳಿ ಬರೆದಿಟ್ಟುಕೊಳ್ಳಿ. ಅರ್ಧ ದಿನದ ಕೆಲಸ, ವರ್ಷಗಟ್ಟಲೆ ಉಪಯೋಗಕ್ಕೆ ಬರುತ್ತದೆ.

ಯಂತ್ರಾನುವಾದದ ಕನ್ನಡವನ್ನು ಹಾಗೆಯೇ ಅಂಟಿಸಬೇಡಿ. ‘ನಮ್ಮ ಅದ್ಭುತ ಉತ್ಪನ್ನಗಳನ್ನು ಅನ್ವೇಷಿಸಿ’ ಎಂದು ಯಾವ ಮನೆಯಲ್ಲಿ ಯಾರು ಮಾತನಾಡುತ್ತಾರೆ? ‘ಬಿಸಿ ಅನ್ನಕ್ಕೆ ಒಂದು ಚಮಚ ಪುಡಿ, ಮೇಲೊಂದಿಷ್ಟು ತುಪ್ಪ’ ಎಂದರೆ ಓದಿದವರಿಗೆ ಹಸಿವಾಗುತ್ತದೆ.

ಎಲ್ಲ ಪೋಸ್ಟುಗಳೂ ‘ಕೊಳ್ಳಿ, ಇಂದೇ ಕೊಳ್ಳಿ’ ಎಂದರೆ ಜನ ಬೆರಳು ಸರಿಸಿ ಮುಂದೆ ಹೋಗುತ್ತಾರೆ. ಕಾಳಿನ ಮಂಡಿಯಲ್ಲಿ ವ್ಯಾಪಾರಿ ಬಾಯಿಮಾತಿಗಿಂತ ಮೊದಲು ಒಂದು ಮುಷ್ಟಿ ಕಾಳನ್ನು ಅಂಗೈ ಮೇಲೆ ಹರಡಿ ತೋರಿಸುತ್ತಾನೆ. ನಾವು ಮಾಡಬೇಕಾದದ್ದೂ ಅದೇ. ಚಿಕ್ಕಮ್ಮ ಶೇಂಗಾ ಹುರಿದು, ಮೊರದಲ್ಲಿ ತಿಕ್ಕಿ, ಸಿಪ್ಪೆ ಗಾಳಿಗೆ ಹಾರಿಸುವ ಇಪ್ಪತ್ತು ಸೆಕೆಂಡುಗಳ ವಿಡಿಯೊವನ್ನು ಮನೆಯ ಹಿತ್ತಲಲ್ಲಿ, ಬೆಳಗಿನ ಬೆಳಕಿನಲ್ಲಿ ತೆಗೆದೆವು. ಹಿನ್ನೆಲೆಗೆ ಹಾಡು ಹಾಕದೆ ಮೊರದ ಸದ್ದನ್ನೇ ಇಟ್ಟೆವು. ಹಣ ಕೊಟ್ಟು ತೋರಿಸಿದ ಪೋಸ್ಟರಿನಿಂದ ಬರದ ವಿಚಾರಣೆಗಳು ಅದರಿಂದ ಬಂದವು. “ಬೆಳ್ಳುಳ್ಳಿ ಹಾಕುತ್ತೀರಾ?” “ಮಕ್ಕಳಿಗೆ ಖಾರ ಕಡಿಮೆ ಮಾಡಿ ಕೊಡುತ್ತೀರಾ?” ಇಂಥ ಒಂದೊಂದು ಪ್ರಶ್ನೆಯೂ ಮುಂದಿನ ಒಂದು ಪೋಸ್ಟ್, ಸೈಟಿನಲ್ಲಿ ಒಂದು ಸಾಲು. ಕೋಟೆಯ ಬಳಿ ಹೋಮ್‌ಸ್ಟೇ ಇರುವವರು ‘ಸ್ವಾಗತ’ ಎಂಬ ಬೋರ್ಡಿನ ಚಿತ್ರದ ಬದಲು, ವಯಸ್ಸಾದವರು ಎಲ್ಲಿಯವರೆಗೆ ಹತ್ತಬಹುದು, ಓಬವ್ವನ ಕಿಂಡಿಗೆ ಯಾವ ದಾರಿ, ಬೇಸಿಗೆಯಲ್ಲಿ ಎಷ್ಟು ಗಂಟೆಗೆ ಹೊರಟರೆ ಬಂಡೆ ಕಾಯುವ ಮುನ್ನ ಇಳಿಯಬಹುದು ಎಂದು ಬರೆಯಲಿ.

ಇನ್ನು ಹಬ್ಬದ ಶುಭಾಶಯ. ಯುಗಾದಿಯ ಬೆಳಿಗ್ಗೆ ಎಲ್ಲ ಅಂಗಡಿಗಳೂ ತಮ್ಮ ಲಾಂಛನ ಅಂಟಿಸಿದ ಮಾವಿನ ತೋರಣದ ಕಾರ್ಡ್ ಹಾಕುತ್ತವೆ. ಅದರಿಂದ ಸೈಟಿಗೆ ಯಾರೂ ಬರುವುದಿಲ್ಲ. ಹಬ್ಬದಲ್ಲಿ ಜನರಿಗೆ ಏನು ಬೇಕು, ಅದು ಯಾವಾಗ ಬೇಕು ಎಂದು ನೋಡಿ. ನಮ್ಮ ಕಡೆ ನಾಗರಪಂಚಮಿ ಎಂದರೆ ಉಂಡೆಗಳ ಹಬ್ಬ: ಶೇಂಗಾ ಉಂಡೆ, ಎಳ್ಳುಂಡೆ, ತಂಬಿಟ್ಟು. ಹೊರ ಊರಿನವರಿಗೆ ಅದು ಹಬ್ಬದ ಹಿಂದಿನ ದಿನ ಕೈಸೇರಬೇಕಾದರೆ ಕೊರಿಯರ್‌ಗೆ ನಾಲ್ಕು ದಿನ, ಮಾಡಲು ಎರಡು ದಿನ. ಜನ ನೋಡಿ ಆರ್ಡರ್ ಮಾಡಲು ಒಂದು ವಾರವಾದರೂ ಸಿಗಬೇಕು, ಅಂದರೆ ಪೋಸ್ಟ್ ಹಬ್ಬಕ್ಕೆ ಹದಿನೈದು ದಿನ ಮುಂಚೆ ಬರಬೇಕು, ಅದರಲ್ಲಿ ಆರ್ಡರ್ ಮಾಡಬೇಕಾದ ಕೊನೆಯ ದಿನಾಂಕ ದಪ್ಪಕ್ಷರದಲ್ಲಿ ಇರಬೇಕು. ಒಂದು ಪಂಚಾಂಗ ಮುಂದಿಟ್ಟುಕೊಂಡು ವರ್ಷದ ಇಂಥ ಐದಾರು ದಿನಗಳನ್ನು ಈಗಲೇ ಗುರುತು ಹಾಕಿ.

ಐದನೆಯ ಹೆಜ್ಜೆ: ಒತ್ತಿದರೆ ತೆರೆಯುವ ಕಡೆ ಲಿಂಕ್ ಇಡಿ

ಇನ್‌ಸ್ಟಾಗ್ರಾಂ ಪೋಸ್ಟಿನ ಕೆಳಗಿನ ಬರಹದಲ್ಲಿ ಹಾಕಿದ ವಿಳಾಸ ಸಾಮಾನ್ಯವಾಗಿ ಒತ್ತಿದರೆ ತೆರೆಯುವುದಿಲ್ಲ. ಅದಕ್ಕೆ ಎರಡು ಜಾಗಗಳಿವೆ: ಪ್ರೊಫೈಲ್‌ನ ಬಯೋ, ಸ್ಟೋರಿಯಲ್ಲಿ ಹಾಕುವ ಲಿಂಕ್ ಸ್ಟಿಕ್ಕರ್. ಬಯೋದಲ್ಲಿ ಐದು ಲಿಂಕ್ ಹಾಕಲು ಅವಕಾಶವಿದೆ, ಆದರೆ ಮೊದಲನೆಯದಷ್ಟೇ ನೇರವಾಗಿ ಕಣ್ಣಿಗೆ ಬೀಳುವುದರಿಂದ ಆ ವಾರ ಮಾರಬೇಕಾದದ್ದನ್ನು ಮೇಲಿಡಿ. ಯೂಟ್ಯೂಬ್ ಶಾರ್ಟ್ಸ್‌ನ ವಿವರಣೆಯಲ್ಲಿಯೂ 2023ರ ಆಗಸ್ಟ್ ಕೊನೆಯಿಂದ ಲಿಂಕುಗಳು ಒತ್ತಲು ಬರುವುದಿಲ್ಲ. ಖಾತೆಯನ್ನು ಯೂಟ್ಯೂಬಿನಲ್ಲಿ ದೃಢೀಕರಿಸಿಕೊಂಡಿದ್ದರೆ ಉದ್ದದ ವಿಡಿಯೊಗಳ ವಿವರಣೆಯಲ್ಲಿ ಬರುತ್ತವೆ, ಆದ್ದರಿಂದ ಶಾರ್ಟ್ಸ್‌ನಿಂದ ಉದ್ದದ ವಿಡಿಯೊಗೆ, ಅಲ್ಲಿಂದ ಸೈಟಿಗೆ ದಾರಿ ಮಾಡಬೇಕು. ಫೇಸ್‌ಬುಕ್ಕಿನಲ್ಲಿ ಈ ತೊಂದರೆ ಇಲ್ಲ.

ಎಲ್ಲ ಪೋಸ್ಟಿನಿಂದಲೂ ಮುಖಪುಟಕ್ಕೆ ಕಳುಹಿಸುವುದು ಇನ್ನೊಂದು ತಪ್ಪು. ಎಳ್ಳುಂಡೆಯ ಚಿತ್ರ ನೋಡಿ ಒತ್ತಿದವರು ಎಳ್ಳುಂಡೆಯ ಪುಟದಲ್ಲೇ ಇಳಿಯಬೇಕು. ಮುಖಪುಟಕ್ಕೆ ಬಂದರೆ ಅವರು ಮತ್ತೆ ಹುಡುಕಬೇಕು, ಅಷ್ಟು ಹೊತ್ತು ಯಾರೂ ಹುಡುಕುವುದಿಲ್ಲ. ವಿಳಾಸವನ್ನು ಚಿಕ್ಕದು ಮಾಡುವ ಅಪರಿಚಿತ ಸೇವೆಗಳನ್ನೂ ಬಳಸಬೇಡಿ, ನಿಮ್ಮ ಸೈಟಿನ ಹೆಸರು ಕಾಣುವುದೇ ನಂಬಿಕೆ ಹುಟ್ಟಿಸುತ್ತದೆ.

ಆರನೆಯ ಹೆಜ್ಜೆ: ವಾಟ್ಸಾಪ್‌ನಲ್ಲಿ ಮರ್ಯಾದೆ ಉಳಿಸಿಕೊಳ್ಳಿ

ಬಡಾವಣೆಯ ಗುಂಪು, ಹಳೆಯ ವಿದ್ಯಾರ್ಥಿಗಳ ಗುಂಪು, ಮದುವೆಗೆಂದು ಮಾಡಿ ಹಾಗೇ ಉಳಿದ ನೆಂಟರ ಗುಂಪು: ಎಲ್ಲ ಕಡೆಗೂ ಒಂದೇ ಸಂದೇಶ ಎಸೆಯುವುದನ್ನು ನಾನೂ ಮಾಡಿದೆ. ಯಾರೂ ಬೈಯಲಿಲ್ಲ, ಆದರೆ ಸಂದೇಶದ ಕೆಳಗೆ ಉಳಿದ ಮೌನ ಬೈಗುಳಕ್ಕಿಂತ ಕಷ್ಟವಾಗಿತ್ತು. ಗುಂಪು ಯಾವ ಕಾರಣಕ್ಕೆ ಇದೆಯೋ ಅದಕ್ಕೆ ಬಿಟ್ಟುಕೊಡಿ.

ವಾಟ್ಸಾಪ್ ಬಿಸಿನೆಸ್ ಆ್ಯಪ್ ಹಾಕಿಕೊಂಡು ಕ್ಯಾಟಲಾಗ್ ತುಂಬಿ, ಪ್ರತಿ ವಸ್ತುವಿಗೂ ಸೈಟಿನ ಪುಟದ ಲಿಂಕ್ ಕೊಡಿ. ಕೊಂಡವರಿಗೆ ಪೊಟ್ಟಣದ ಜೊತೆ ಒಂದು ಚೀಟಿ ಇಡಿ: ‘ಹೊಸದು ಬಂದಾಗ ತಿಳಿಸಬೇಕೆಂದರೆ ಈ ಸಂಖ್ಯೆಯನ್ನು ಉಳಿಸಿಕೊಂಡು ಸರಿ ಎಂದು ಕಳುಹಿಸಿ.’ ಉಳಿಸಿಕೊಳ್ಳಿ ಎಂಬ ಮಾತು ಅಲ್ಲಿ ಸುಮ್ಮನೆ ಬಂದದ್ದಲ್ಲ. ಬ್ರಾಡ್‌ಕಾಸ್ಟ್ ಪಟ್ಟಿಯ ಸಂದೇಶ (ಒಂದೇ ಸಲ ಹಲವರಿಗೆ ಬೇರೆಬೇರೆಯಾಗಿ ಹೋಗುವಂಥದ್ದು) ನಿಮ್ಮ ಸಂಖ್ಯೆಯನ್ನು ತಮ್ಮ ಮೊಬೈಲಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ಒಂದು ಪಟ್ಟಿಗೆ 256 ಜನರ ಮಿತಿಯೂ ಇದೆ. ಸಾವಿರಾರು ಸಂಖ್ಯೆ ಮಾರುವವರಿಂದ ಪಟ್ಟಿ ಕೊಂಡು, ಯಾವುದೋ ತಂತ್ರಾಂಶದಿಂದ ಸಂದೇಶ ಸುರಿದರೆ ನಿಮ್ಮ ಸಂಖ್ಯೆಯನ್ನು ವಾಟ್ಸಾಪ್ ನಿರ್ಬಂಧಿಸಬಹುದು. ಅಂಗಡಿ ಬೋರ್ಡಿನ ಮೇಲಿರುವ ಸಂಖ್ಯೆ ಹಾಗೆ ಹೋದರೆ ಆಗುವ ನಷ್ಟವನ್ನು ಯೋಚಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆಯನ್ನೇ ಮುಖ್ಯ ಆಧಾರವಾಗಿ ಇಟ್ಟುಕೊಂಡಿದೆ.

ಏಳನೆಯ ಹೆಜ್ಜೆ: ಈಗ ಬೇಕಾದರೆ ಜಾಹೀರಾತು

ಪೋಸ್ಟಿನ ಕೆಳಗಿನ ನೀಲಿ ‘ಬೂಸ್ಟ್’ ಗುಂಡಿ ಬಹಳ ಸುಲಭ, ಅದಕ್ಕೇ ಅಪಾಯ. ಏನು ಬೇಕು ಎಂದು ನೀವು ಸ್ಪಷ್ಟವಾಗಿ ಹೇಳದಿದ್ದರೆ ಜಾಹೀರಾತು ಲೈಕ್ ಒತ್ತುವ ಅಭ್ಯಾಸವಿರುವವರಿಗೆ ಹೋಗುತ್ತದೆ. ಅವರು ಲೈಕ್ ಒತ್ತುತ್ತಾರೆ. ನಮಗಾದದ್ದು ಅದೇ. ಮೆಟಾದ ಆ್ಯಡ್ಸ್ ಮ್ಯಾನೇಜರ್ ತೆರೆದು ‘ಟ್ರಾಫಿಕ್’ ಗುರಿಯನ್ನು ಆರಿಸಿ. ಅದರೊಳಗೂ ‘ಲಿಂಕ್ ಕ್ಲಿಕ್’ಗಿಂತ ‘ಲ್ಯಾಂಡಿಂಗ್ ಪೇಜ್ ವ್ಯೂ’ ಒಳ್ಳೆಯದು: ಮೊದಲನೆಯದು ಒತ್ತಿದವರನ್ನು ಎಣಿಸುತ್ತದೆ, ಎರಡನೆಯದು ಪುಟ ತೆರೆಯುವವರೆಗೆ ಕಾದವರನ್ನು ಎಣಿಸುತ್ತದೆ. ಇದಕ್ಕೆ ಸೈಟಿನಲ್ಲಿ ಮೆಟಾ ಪಿಕ್ಸೆಲ್ (ಬಂದವರನ್ನು ಮೆಟಾಗೆ ತಿಳಿಸುವ ಸಣ್ಣ ಕೋಡ್) ಹಾಕಿರಬೇಕು.

ಊರನ್ನು ನೀವೇ ಆರಿಸಿ, ಭಾಷೆಯಲ್ಲಿ ಕನ್ನಡ ಹಾಕಿ. ದಿನಕ್ಕೆ 150 ಅಥವಾ 200 ರೂಪಾಯಿಯಂತೆ ಐದು ದಿನ ಸಾಕು, ಮುಗಿಯುವ ದಿನಾಂಕವನ್ನು ಖಂಡಿತ ತುಂಬಿ. ಅದನ್ನು ಬಿಟ್ಟರೆ ಜಾಹೀರಾತು ನಿಮ್ಮನ್ನು ಕೇಳದೆ ಓಡುತ್ತಲೇ ಇರುತ್ತದೆ, ಕಾರ್ಡಿನಿಂದ ಹಣ ಹೋಗುತ್ತಲೇ ಇರುತ್ತದೆ. ಮೊತ್ತದ ಮೇಲೆ 18% ಜಿಎಸ್‌ಟಿ ಸೇರುವುದನ್ನು ಬಜೆಟ್ ಬರೆಯುವಾಗಲೇ ಹಿಡಿಯಿರಿ. ಒಂದೇ ವಸ್ತುವಿಗೆ ಎರಡು ಬೇರೆ ಚಿತ್ರ ಹಾಕಿ ನೋಡಿ, ಆದರೆ ಒಮ್ಮೆಗೆ ಒಂದನ್ನೇ ಬದಲಿಸಿ. ಚಿತ್ರ, ಊರು, ಬರಹ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಲಾಭವಾಯಿತು ಎಂದು ತಿಳಿಯುವುದಿಲ್ಲ.

ಹಣ ಕೊಟ್ಟು ಫಾಲೋವರ್ ಕೊಳ್ಳುವ ಬಗ್ಗೆ ಒಂದೇ ಮಾತು: ಬೇಡ. ಅವರಲ್ಲಿ ಯಾರೂ ಚಟ್ನಿಪುಡಿ ತಿನ್ನುವುದಿಲ್ಲ.

ಎಂಟನೆಯ ಹೆಜ್ಜೆ: ಯಾವ ದಾರಿಯಿಂದ ಬಂದರು ಎಂದು ಬರೆದಿಡಿ

ಸೈಟಿಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್ ಅನ್ನು ಜೋಡಿಸಿ. ಅಷ್ಟರಿಂದಲೇ ಎಲ್ಲವೂ ತಿಳಿಯುವುದಿಲ್ಲ. ವಾಟ್ಸಾಪ್‌ನಿಂದ ಬಂದವರಲ್ಲಿ ಬಹಳಷ್ಟು ಜನ ಅದರಲ್ಲಿ ದಾರಿ ತಿಳಿಯದವರ ‘ಡೈರೆಕ್ಟ್’ ಎಂಬ ಗುಂಪಿನಲ್ಲಿ ಸೇರಿಹೋಗುತ್ತಾರೆ. ಆದ್ದರಿಂದ ನೀವು ಹಂಚುವ ಲಿಂಕಿನ ಕೊನೆಗೆ ಯುಟಿಎಂ ಎಂಬ ಗುರುತು ಹಚ್ಚಬೇಕು: ಯಾವ ಜಾಲತಾಣ, ಯಾವ ಬಗೆಯ ಪೋಸ್ಟ್, ಯಾವ ಅಭಿಯಾನ ಎಂಬ ಮೂರು ಮಾತು. ಗೂಗಲ್‌ನ ಕ್ಯಾಂಪೇನ್ ಯುಆರ್‌ಎಲ್ ಬಿಲ್ಡರ್ ಪುಟದಲ್ಲಿ ಖಾಲಿ ಜಾಗ ತುಂಬಿದರೆ ಅದೇ ಜೋಡಿಸಿಕೊಡುತ್ತದೆ. ಇಂಗ್ಲಿಷಿನ ಸಣ್ಣಕ್ಷರಗಳನ್ನೇ ಬಳಸಿ, ದೊಡ್ಡಕ್ಷರದಲ್ಲಿ ಬರೆದ ಫೇಸ್‌ಬುಕ್ ಬೇರೆ, ಸಣ್ಣಕ್ಷರದ್ದು ಬೇರೆ ಎಂದು ಅದು ಎಣಿಸುತ್ತದೆ. ಸೈಟಿನ ಒಳಗಿನ ಲಿಂಕುಗಳಿಗೆ ಮಾತ್ರ ಈ ಗುರುತು ಹಚ್ಚಬೇಡಿ, ಬಂದವರ ಮೂಲ ದಾರಿಯೇ ಅಳಿಸಿಹೋಗುತ್ತದೆ.

ಇದು ಕಷ್ಟವೆನಿಸಿದರೆ ಚಿಕ್ಕಮ್ಮನ ಪುಸ್ತಕ ಇದೆ. ಹಾಲಿನ ಲೆಕ್ಕ ಬರೆಯುವ ಉದ್ದನೆಯ ಪುಸ್ತಕದಲ್ಲಿ ನಾಲ್ಕು ಗೆರೆ ಎಳೆದಿದ್ದಾರೆ: ದಿನಾಂಕ, ಏನು ಕೊಂಡರು, ಯಾವ ಊರು, ಎಲ್ಲಿ ನೋಡಿದರು. ಆರ್ಡರ್ ಖಚಿತಪಡಿಸಲು ಫೋನ್ ಮಾಡಿದಾಗ ಕೊನೆಯ ಪ್ರಶ್ನೆ ಕೇಳಿ ಬರೆಯುತ್ತಾರೆ. ‘ಪಕ್ಕದ ಮನೆಯವರ ವಾಟ್ಸಾಪ್ ಸ್ಟೇಟಸ್’ ಎಂಬ ಉತ್ತರ ಅಲ್ಲಿ ಎಷ್ಟು ಸಲ ಬಂದಿತೆಂದರೆ, ಕೊಂಡವರಿಗೆ ಸ್ಟೇಟಸ್‌ಗೆ ಹಾಕಿಕೊಳ್ಳಲು ಒಂದು ಉದ್ದನೆಯ ಚಿತ್ರ ಮಾಡಿ ಕಳುಹಿಸತೊಡಗಿದೆವು. ಅನಲಿಟಿಕ್ಸ್ ನನಗೆ ಇದನ್ನು ಹೇಳಿರಲಿಲ್ಲ.

ಒಂಬತ್ತನೆಯ ಹೆಜ್ಜೆ: ಕೇಳಿದ್ದಕ್ಕೆ ಉತ್ತರ ಕೊಡಿ

‘ಬೆಲೆ ಎಷ್ಟು?’ ಎಂದು ಕೇಳಿದವರಿಗೆ ‘ಇನ್‌ಬಾಕ್ಸ್ ನೋಡಿ’ ಎನ್ನುವುದನ್ನು ಬಿಡಿ. ಅಲ್ಲಿಯೇ ಬೆಲೆ ಬರೆದು, ಪುಟದ ಲಿಂಕ್ ಕೊಡಿ. ಒಬ್ಬರು ಕೇಳಿದ್ದನ್ನು ಓದಿ ಕೇಳದೆ ಹೋದವರು ಇನ್ನೂ ಹಲವರು ಇರುತ್ತಾರೆ. ದೂರು ಬಂದರೆ ಅಳಿಸಬೇಡಿ. ಒಮ್ಮೆ ರೊಟ್ಟಿ ಮುರಿದು ತಲುಪಿದೆ ಎಂದು ಗಿರಾಕಿಯೊಬ್ಬರು ಚಿತ್ರ ಸಮೇತ ಹಾಕಿದರು. ಚಿಕ್ಕಮ್ಮ ಅದೇ ಕಾಮೆಂಟಿನ ಕೆಳಗೆ, “ತಪ್ಪಾಯಿತು ಅಕ್ಕ, ಈ ವಾರವೇ ಬೇರೆ ಕಳುಹಿಸುತ್ತೇನೆ” ಎಂದು ಬರೆಸಿದರು, ಕಳುಹಿಸಿದರು. ಮುಂದಿನ ಸಲದಿಂದ ರೊಟ್ಟಿಯ ಸುತ್ತ ಗಟ್ಟಿ ರಟ್ಟು ಬಂತು, ಆ ರಟ್ಟಿನ ಚಿತ್ರವೂ ಒಂದು ಪೋಸ್ಟ್ ಆಯಿತು.

ಹತ್ತನೆಯ ಹೆಜ್ಜೆ: ಖಾತೆಯ ಕೀಲಿಕೈ ನಿಮ್ಮಲ್ಲಿರಲಿ

ಪೇಜು, ಡೊಮೇನ್ (ಸೈಟಿನ ವಿಳಾಸದ ಹೆಸರು), ಹೋಸ್ಟಿಂಗ್ (ಸೈಟನ್ನು ಇಟ್ಟಿರುವ ಬಾಡಿಗೆ ಜಾಗ) ಮೂರೂ ನಿಮ್ಮ ಇಮೇಲ್, ನಿಮ್ಮ ಫೋನ್ ಸಂಖ್ಯೆಯಲ್ಲಿಯೇ ನೋಂದಣಿಯಾಗಲಿ. ಮಾಡಿಕೊಟ್ಟವರ ಸಂಖ್ಯೆಯಲ್ಲಿದ್ದರೆ ಅವರು ಸಂಖ್ಯೆ ಬದಲಿಸಿದ ದಿನ ನೀವು ಹೊರಗೆ. ಎರಡು ಹಂತದ ದೃಢೀಕರಣ ಹಾಕಿ. ‘ನಿಮ್ಮ ಪೇಜು ಹಕ್ಕುಸ್ವಾಮ್ಯ ಉಲ್ಲಂಘಿಸಿದೆ, 24 ಗಂಟೆಯಲ್ಲಿ ಅಳಿಸುತ್ತೇವೆ, ಇಲ್ಲಿ ಒತ್ತಿ’ ಎಂದು ಮೆಟಾ ಹೆಸರಿನಲ್ಲಿ ಬರುವ ಸಂದೇಶಗಳು ಬಹುತೇಕ ಮೋಸ, ಅದರೊಳಗಿನ ಲಿಂಕನ್ನು ಒತ್ತಬೇಡಿ.

ಇಂಟರ್‌ನೆಟ್‌ನಿಂದ ಎತ್ತಿದ ಚಿತ್ರ ಹಾಕಬೇಡಿ. ಸಿನಿಮಾ ಹಾಡನ್ನು ವ್ಯಾಪಾರದ ರೀಲ್ಸ್‌ಗೆ ಹಾಕಿದರೆ ಧ್ವನಿ ಅಳಿಸಿಹೋಗಬಹುದು. ವ್ಯಾಪಾರಿ ಖಾತೆಗಳಿಗೆಂದೇ ಬೇರೆ ಸಂಗೀತ ಸಂಗ್ರಹವಿದೆ. ಹಣ ಅಥವಾ ಪುಕ್ಕಟೆ ವಸ್ತು ಕೊಟ್ಟು ಯಾರಿಂದಲಾದರೂ ಹೊಗಳಿಸಿದರೆ ಅದು ಜಾಹೀರಾತು ಎಂದು ಅವರು ಸ್ಪಷ್ಟವಾಗಿ ಹೇಳಬೇಕು, ಭಾರತೀಯ ಜಾಹೀರಾತು ಗುಣಮಟ್ಟ ಮಂಡಳಿಯ 2021ರ ಮಾರ್ಗಸೂಚಿ ಇದನ್ನು ಕೇಳುತ್ತದೆ.

ವಾರದ ಕೆಲಸ

ದಿನವೂ ಪೋಸ್ಟ್ ಹಾಕುತ್ತೇನೆಂದು ಪಣ ತೊಡಬೇಡಿ. ನಮ್ಮ ಮನೆಯಲ್ಲಿ ಭಾನುವಾರ ಪುಡಿ ಕುಟ್ಟುವಾಗ ಎರಡು ವಿಡಿಯೊ, ಆರು ಚಿತ್ರ ತೆಗೆದಿಡುತ್ತೇವೆ. ಸೋಮವಾರ ಅವುಗಳಿಗೆ ಬರಹ. ಬುಧವಾರ ಮತ್ತು ಶುಕ್ರವಾರ ಒಂದೊಂದು ಪೋಸ್ಟ್. ಸಂಜೆ ಅರ್ಧ ಗಂಟೆ ಕಾಮೆಂಟುಗಳಿಗೆ. ಶನಿವಾರ ಚಿಕ್ಕಮ್ಮನ ಪುಸ್ತಕವನ್ನೂ ಅನಲಿಟಿಕ್ಸ್ ಪುಟವನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡುತ್ತೇವೆ. ತಿಂಗಳಿಗೊಮ್ಮೆ ಹೊಸಬರೊಬ್ಬರ ಕೈಗೆ ಅವರದೇ ಮೊಬೈಲ್ ಕೊಟ್ಟು, ಏನೂ ಹೇಳದೆ ಪಕ್ಕದಲ್ಲಿ ಕೂರುತ್ತೇನೆ.

ಕಳೆದ ಸಲ ಆ ಕೆಲಸಕ್ಕೆ ಮತ್ತೆ ಅತ್ತಿಗೆಯೇ ಸಿಕ್ಕರು. ಸ್ಟೋರಿಯ ಸ್ಟಿಕ್ಕರ್ ಒತ್ತಿದರು, ಪುಟ ತೆರೆಯಿತು, ಕೊರಿಯರ್ ವೆಚ್ಚವನ್ನು ಮೊದಲೇ ನೋಡಿದರು, ಹಣ ಕಟ್ಟಿದರು. ಆಮೇಲೆ ಚಿತ್ರವನ್ನು ದೊಡ್ಡದು ಮಾಡಿ ನೋಡುತ್ತಾ, “ಪೊಟ್ಟಣದ ಮೇಲೆ ಮಾಡಿದ ದಿನ ಎಲ್ಲಿ ಬರೆದಿದ್ದೀರಿ? ಕಾಣುವುದೇ ಇಲ್ಲವಲ್ಲ” ಎಂದರು. ಈ ಭಾನುವಾರ ಪೊಟ್ಟಣದ ಹಿಂಭಾಗದ ಚಿತ್ರ ತೆಗೆಯಬೇಕು.